ಲಾಡ್ಲೇಸಾಬನ್ನ ಮಾರಿದ ವರ್ಷ

ಇಪ್ಪತ್ತಾರು ವರ್ಷ ದುಧನಿ ಮಾರ್ಕೆಟ್ಟಿನ್ಯಾಗ ತೊಗರಿ ತೂಗೀನಿ,
ಕಾಟಾ ಸುಳ್ಳು ಹೇಳಿದ್ರ ನನ್ನ ಮೊಣಕಾಲಿಗೆ ಗೊತ್ತಾಗ್ತದ.
ಆದ್ರೂ ಮೊನ್ನೆ ಮಂಗಲ ಕಾರ್ಯಾಲಯದಾಗ
ಆಟಗಾರರ ಲಿಲಾವು ನಡದಾಗ
ಹಿಂದಿನ ಕುರ್ಚಿಯಿಂದ ನಾ ಒದರಿದ್ದು
ಒಬ್ಬರಿಗೂ ಕೇಳ್ಲಿಲ್ಲ:

ಬೀಸೋ ಮಂದಿ ಸಾಕ್ರಿ ಸಾಹುಕಾರ್ರ, ಎಸಿಯಾವ್ರು ಯಾರದಾರ?

ಸವಾಲು ಏರಿತು.
ಮಂಗಳವೇಢೆಯವ ಒಬ್ಬ, ನೆರಳಿನ್ಯಾಗೂ ಕಪ್ಪು ಕನ್ನಡಕ ತಗೀದವ,
ಹನ್ನೊಂದು ಸಾವಿರ.
ಬಾರ್ಶಿ ಅಣ್ತಮ್ಮ ಇಬ್ಬರು, ಒಬ್ಬನ್ನ ಬಿಟ್ಟು ಒಬ್ಬ ಬರಂಗಿಲ್ಲ,
ಹದಿನಾರು.
ಆಳಂದದ ಮಾಸ್ತರ, ಹೊಟ್ಟಿ ಮುಂದ, ಸಿಕ್ಸರು ಅದರ ಹಿಂದ,
ಏಳು.
ತೊಗರಿ ದರ ಬಿದ್ದಾಗ್ಲೂ ಎತ್ತದ ಕೈ
ಶಿವಯೋಗೆಪ್ಪ ಸಾಹುಕಾರ ಎತ್ತಿದ,
ಎತ್ತಿದ,
ಇಳಸ್ಲೇ ಇಲ್ಲ.

ರೊಕ್ಕ ತೀರಿದ ಮ್ಯಾಲ ಪಟ್ಟಿ ನೋಡಿದ್ರು.
ಲಾಡ್ಲೇಸಾಬನ್ನ ಮೈಂದರ್ಗಿಯವರಿಗೆ
ನಾಕು ಸಾವಿರಕ್ಕ ಬಿಟ್ಟಿದ್ರು.
ಆ ನಾಕು ಸಾವಿರ ಆಗ್ಲೇ
ಜರ್ಸಿ ಮ್ಯಾಲ ಸಾಹುಕಾರನ ಫೋಟೊ ಆಗಿತ್ತು.

ಲಾಡ್ಲೇಸಾಬ ಅಂದ್ರ ಚೀಲದ ಬಾಯಿ ಹೊಲಿಯೋ ಹುಡುಗ.
ದಿನಕ್ಕ ಮುನ್ನೂರು ಚೀಲ, ಹೆಬ್ಬಟ್ಟಿಗೆ ಬಟ್ಟಿ ಪಟ್ಟಿ.
ಓಡಿ ಬರೂದು ಆರೇ ಹೆಜ್ಜಿ, ಅದೂ ಅವಸರ ಇಲ್ದ,
ಸಂತಿಗೆ ಹೊಂಟವರ ಹಂಗ.
ಚೆಂಡು ಮಾತ್ರ ಕಡೀಕ ಮನಸು ಬದಲ್ ಮಾಡ್ತದ.
ಹ್ವಾದ ವರ್ಷ ಕಡೀ ಓವರಿನ್ಯಾಗ ಅವರಿಗೆ ಐದು ಬೇಕಿತ್ತು,
ಇಂವ ಎರಡು ಕೊಟ್ಟ.
ಹೆಗಲ ಮ್ಯಾಲ ಹೊತ್ತು ಕುಣಿಯೂಣಂದ್ರ
ಸೈಕಲ್ ಹತ್ತಿ ಮನಿಗೆ ಹ್ವಾಗ್ಯಾನ!

ಈ ವರ್ಷ ಮೊದಲ್ನೇ ಮ್ಯಾಚೇ ಮೈಂದರ್ಗಿ ಮ್ಯಾಲ.
ಹತ್ತು ಓವರಿಗೆ ನೂರಾ ಮೂವತ್ತೊಂದು ಹೊಡದ್ವಿ.
ದಾಲ್ ಮಿಲ್ಲಿನ ಪತ್ರಾಸ ಮ್ಯಾಲ ಚೆಂಡು ಧಡ್ ಧಡ್,
ಪಾರಿವಾಳ ಎಲ್ಲಾ ಎದ್ದು ಸ್ಟೇಶನ್ ಕಡಿ ಹ್ವಾದ್ವು.
ಅಷ್ಟರಾಗ ಲಾಡ್ಲೇಸಾಬನ ಎರಡು ಓವರಿಗೆ ಒಂಬತ್ತೇ ರನ್ನು,
ಅಡತಿ ಪಾವತಿ ಹಿಂದ ಬರಕೊಂಡೆ,
ಕಾರ್ಬನ್ ಇಟ್ಟು ಬರಕೊಂಡೆ,
ನಾಳಿ ಯಾರರೆ ಇಲ್ಲಂದ್ರ ಕಾಪಿ ಇರ್ಲಿ ಅಂತ.
ಮಂದಿ ಸೀಟಿ ಹೊಡೀತು. ನಾ ಪೆನ್ಸಿಲ್ ಕಡದೆ.

ನಮ್ಮ ಪಾಳಿ.
ಬಾರ್ಶಿ ಅಣ್ಣ ಹಾಕಿದ, ವೈಡು, ವೈಡು, ಫೋರು.
ಬಾರ್ಶಿ ತಮ್ಮ ಹಾಕಿದ, ಅಣ್ಣನ್ನ ನೋಡೇ ಕಲ್ತಾನ.
ಮಾಸ್ತರ ಹಾಕಿದ್ದು ಚೆಂಡಲ್ಲ, ಹಾಜರಿ ಕರದ,
ಪ್ರತಿ ಸಲಾನೂ ಬ್ಯಾಟು ಯಸ್ ಸರ್ ಅಂತು.
ಕಪ್ಪು ಕನ್ನಡಕದವನ ಕೈಗೆ ಚೆಂಡು ಕೊಟ್ರ
ಹಾವು ಕೊಟ್ಟಂಗ ತಿರುಗಿ ಕೊಟ್ಟ:
ನಾ ಬ್ಯಾಟ್ಸ್‌ಮನ್ ಅದೀನಿ.
ಎಂಟೂವರಿ ಓವರಿಗೆ ಮುಗೀತು.

ನನ್ನ ಹೆಣ್ತಿ ನೀಲಗಂಗಾ ಕೇಳ್ತಾಳ,
ಯಾರದೋ ಟೀಮು, ಯಾರದೋ ರೊಕ್ಕ, ನಿಮಗ್ಯಾಕ ಅಸಿಡಿಟಿ?
ಬರೇ ರೊಟ್ಟಿ ಬಡದು ಪಲ್ಯಾನೇ ಮಾಡ್ದಿದ್ರ ಹೆಂಗ, ಅಂದೆ.
ಎಷ್ಟ್ ಸಲ ಹಂಗ ಉಂಡೀರಿ, ಅಂದ್ಳು.
ಅದೂ ಖರೆ.

ಮರದಿನ ಅಂಗಡ್ಯಾಗ ಸಾಹುಕಾರ ಹೊಸಾ ಹುರುಪಿನ್ಯಾಗ:
ಮುಂದಿನ ವರ್ಷ ಹನ್ನೊಂದೂ ಬೌಲರ್ರೇ ತಗೋತೀನಿ, ನೋಡೇ ಬಿಡೂಣು!
ನಾ ಕಾಟಾದ ಮ್ಯಾಲ ಹಣಿ ಇಟ್ಟೆ.
ನಾಕು ಕಿಲೊ ಏಳ್ನೂರು ತೋರಸ್ತು.

ಸೋಮವಾರ ಲಾಡ್ಲೇಸಾಬ ಕೆಲಸಕ್ಕ ಬಂದ.
ಮ್ಯಾಚಿನ ಮಾತು ಅಂವ ತಗೀಲಿಲ್ಲ, ನಾನೂ ಕೇಳ್ಲಿಲ್ಲ.
ಚೀಲದ ಬಾಯಿ ಮಡಚಿದ, ಸೂಜಿ ಎಳದ,
ಸುತಳಿ ತೀರಿತು.
ಉಳಿದ ತುಂಡಿಗೆ ಗಂಟು ಹಾಕಿ
ಹನ್ನೆರಡು ಹೆಜ್ಜಿ ಆಚೆ ಗ್ವಾಡಿ ಮೊಳಿಗೆ
ತೆಲಿ ಎತ್ತದ ಒಗದ.
ಒಂದು ಕ್ಷಣ ಅದು ಬ್ಯಾರೇ ಕಡಿ ಹೊಂಟಂಗ ಕಾಣ್ತು.
ಆಮ್ಯಾಲ ಮೊಳಿ ಹುಡುಕ್ಕೊಂಡು ಹ್ವಾಗಿ ತೂಗು ಬಿತ್ತು.

ಯಾರೂ ನೋಡ್ಲಿಲ್ಲ.
ಕಾಟಾದ ಮ್ಯಾಲಿನ ಚೀಲ ಒಂದು ಮುಟಗಿ ಹೆಚ್ಚಿತ್ತು,
ತಗೀಬೇಕಿತ್ತು,
ಮರತೆ.